ಟಗರಿಗೆ ತೂಕ ಬೇಕು ಸರಿ, ಫೋಟೋಗೆ ಯಾಕೆ?

ಹೋದ ವರ್ಷ ಯುಗಾದಿಗೆ ಇನ್ನೂ ಹತ್ತು ದಿನ ಇತ್ತು. ಸೋಮನಹಳ್ಳಿಯಿಂದ ಸೋದರಮಾವ ಫೋನ್ ಮಾಡಿದ್ರು. ನಾನು ಹಾಸ್ಟೆಲ್‌ನಲ್ಲಿ ಇಂಟರ್ನಲ್ಸ್‌ಗೆ ಓದ್ತಾ ಇದ್ದೆ. ಓದ್ತಾ ಇದ್ದೆ ಅಂತಲೇ ಇಟ್ಕೊಳ್ಳಿ.

"ಲೋ ಅಳಿಮಯ್ಯ, ಇಂಜಿನಿಯರಿಂಗ್ ಓದ್ತಿದೀಯಲ್ಲ, ಈ ಫೋಟೋ ಯಾಕ್ಲಾ ಓಯ್ತಾ ಇಲ್ಲ? ಅರ್ಧ ಗಂಟೆಯಿಂದ ಸುತ್ತುತಾನೇ ಅದೆ."

ಮಾವ ಸಾಕಿರೋದು ಬಂಡೂರು ಕುರಿ. ಗೊತ್ತಿಲ್ಲದವರಿಗೆ ಹೇಳ್ತೀನಿ, ಇದು ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ತಳಿ. ಪುಸ್ತಕದಲ್ಲಿ ಮಂಡ್ಯ ತಳಿ ಅಂತ ಬರೆದಿರ್ತಾರೆ. ಗಿಡ್ಡ ಕಾಲು, ತುಂಬಿದ ಮೈ, ಬಿಳಿ ಬಣ್ಣ, ಕೆಲವಕ್ಕೆ ಮುಖದ ಮೇಲೆ ತಿಳಿ ಕಂದು. ಹಿಂದಿನಿಂದ ನೋಡಿದರೆ ತೊಡೆಗಳ ನಡುವೆ ತಲೆಕೆಳಗಾದ 'ಯು' ಅಕ್ಷರದ ಆಕಾರ ಕಾಣಬೇಕು. ಕುರಿ ಬಲ್ಲವರು ಮೊದಲು ನೋಡೋದೇ ಅದನ್ನು, ಮುಖ ಆಮೇಲೆ. ಹೊಸತೊಡಕಿನ ಸಮಯಕ್ಕೆ ನಮ್ಮ ಕಡೆ ಮರಿಗಳ ಬೆಲೆ ಏರುತ್ತೆ, ಯಾಕೆ ಅಂತ ಹಳೆ ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮಾವನ ಹತ್ತಿರ ಒಂದು ಬೀಜದ ಟಗರು, ನಾಲ್ಕು ಮರಿ ಮಾರಾಟಕ್ಕಿದ್ದವು. ಈ ಸಲ ದಳ್ಳಾಳಿ ಬೇಡ, ಆನ್‌ಲೈನ್‌ನಲ್ಲೇ ಹಾಕೋಣ ಅಂತ ಹಟ ಹಿಡಿದಿದ್ದರು.

ನಾನು ಫೋನಲ್ಲೇ ಕೇಳ್ತಾ ಹೋದೆ. ಎಷ್ಟು ಫೋಟೋ? ಎಂಟು. ಫೋನ್ ಯಾವುದು? ಅವರ ಮಗಳು ಕೊಡಿಸಿದ ಹೊಸ ಫೋನ್. ಎಲ್ಲಿ ಕೂತಿದೀರ? ಕುರಿ ದೊಡ್ಡಿ ಹತ್ರ. ನನಗೆ ಅರ್ಥ ಆಯ್ತು. ಆದ್ರೆ 'ಒಂದು ಆ್ಯಪ್ ಹಾಕ್ಕೊಳಿ, ಅದು ಇದು' ಅಂತ ಫೋನಲ್ಲಿ ಹೇಳೋಕೆ ಹೋದರೆ ಇಬ್ಬರಿಗೂ ತಲೆ ಕೆಡುತ್ತೆ. "ಸಂಜೆ ಹೆದ್ದಾರಿ ಪಕ್ಕ ಹೋಗಿ ಹಾಕಿ ಮಾವ, ಅಲ್ಲಿ ನೆಟ್‌ವರ್ಕ್ ಚೆನ್ನಾಗಿರುತ್ತೆ" ಅಂದು ಫೋನ್ ಇಟ್ಟೆ. ಮಾವ ಹೆದ್ದಾರಿಗೆ ಹೋಗಲಿಲ್ಲ. ಎರಡು ದಿನ ಬಿಟ್ಟು ದಳ್ಳಾಳಿ ಬಂದ, ಅವನು ಹೇಳಿದ್ದೇ ರೇಟು.

ಆ ದಳ್ಳಾಳಿಗೆ ಎಷ್ಟು ಸಿಕ್ಕಿತು ಅನ್ನೋದು ನನಗೆ ಗೊತ್ತಿಲ್ಲ. ಮಾವನಿಗೆ ಎಷ್ಟು ಕಡಿಮೆ ಸಿಕ್ಕಿತು ಅನ್ನೋದನ್ನ ಮಾತ್ರ ಅತ್ತೆ ಪ್ರತಿ ಹಬ್ಬಕ್ಕೂ ನೆನಪಿಸ್ತಾರೆ. ಈ ಲೇಖನ ಬರೆಯೋಕೆ ಅರ್ಧ ಕಾರಣ ಅದು. ಉಳಿದರ್ಧ ನಮ್ಮ ಮಿನಿ ಪ್ರಾಜೆಕ್ಟ್, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಲೆಕ್ಕ ನೋಡಿ. ಈಗಿನ ಸಾಮಾನ್ಯ ಫೋನ್ 12 ಮೆಗಾಪಿಕ್ಸೆಲ್ ಫೋಟೋ ತೆಗೆಯುತ್ತೆ ಅಂದುಕೊಳ್ಳಿ, ಅಂದರೆ 4000 ಅಡ್ಡ, 3000 ಉದ್ದ, ಒಟ್ಟು 1 ಕೋಟಿ 20 ಲಕ್ಷ ಚುಕ್ಕಿ. ಹಸಿರು, ಹುಲ್ಲು, ಉಣ್ಣೆ ಎಲ್ಲ ಇರೋ ಫೋಟೋ ನಾಲ್ಕೂವರೆ ಎಂಬಿ ಸುಲಭವಾಗಿ ಮುಟ್ಟುತ್ತೆ. ಎಂಟು ಫೋಟೋ ಅಂದರೆ 36 ಎಂಬಿ. ಎಂಬಿ ಬೈಟ್‌ನ ಲೆಕ್ಕ, ನೆಟ್‌ವರ್ಕ್ ವೇಗ ಬಿಟ್‌ನ ಲೆಕ್ಕ (ಫಸ್ಟ್ ಇಯರ್‌ನವರು ಇಲ್ಲೇ ಎಡವೋದು), ಆದ್ದರಿಂದ ಎಂಟರಿಂದ ಗುಣಿಸಿ: 288 ಮೆಗಾಬಿಟ್. ದೊಡ್ಡಿ ಹತ್ತಿರ ಅಪ್‌ಲೋಡ್ ವೇಗ ಸೆಕೆಂಡಿಗೆ 1 ಮೆಗಾಬಿಟ್ ಸಿಕ್ಕಿತು ಅಂತಿಟ್ಟುಕೊಂಡರೂ ಸುಮಾರು ಐದು ನಿಮಿಷ ಬೇಕು. ಅದೂ ಮಧ್ಯದಲ್ಲಿ ಒಂದೇ ಒಂದು ಸಲವೂ ಸಿಗ್ನಲ್ ಹೋಗಬಾರದು. ಹೋದರೆ ಬಹಳಷ್ಟು ಫಾರ್ಮ್‌ಗಳು ಮತ್ತೆ ಮೊದಲಿಂದ ಶುರು ಮಾಡಿಸ್ತವೆ. ಮಾವನ ಅರ್ಧ ಗಂಟೆ ಹೋಗಿದ್ದು ಹೀಗೆ.

ಅದೇ ಫೋಟೋಗಳನ್ನು 1280 ಅಡ್ಡ, 960 ಉದ್ದಕ್ಕೆ ಇಳಿಸಿ. ಚುಕ್ಕಿಗಳು ಹತ್ತರಲ್ಲಿ ಒಂದು ಭಾಗ ಆಗ್ತವೆ. ಜೆಪೆಗ್ ಕ್ವಾಲಿಟಿ 75 ಅಂತ ಕೊಟ್ಟರೆ ಒಂದೊಂದು 180 ಕೆಬಿ ಆಸುಪಾಸಿಗೆ ಬರುತ್ತೆ. ಎಂಟೂ ಸೇರಿ ಒಂದೂವರೆ ಎಂಬಿ ಒಳಗೆ, ಅದೇ ಹಾಳು ನೆಟ್‌ವರ್ಕ್‌ನಲ್ಲಿ ಹನ್ನೆರಡು ಸೆಕೆಂಡ್. ಐದು ನಿಮಿಷ ಎಲ್ಲಿ, ಹನ್ನೆರಡು ಸೆಕೆಂಡ್ ಎಲ್ಲಿ! ಇನ್ನು ಕೊಳ್ಳುವವನು ಆ ಫೋಟೋ ನೋಡೋದು ಅಂಗೈಯಗಲದ ಪರದೆ ಮೇಲೆ. ಆ ಪರದೆಗಳಲ್ಲಿ ಹೆಚ್ಚಿನವು 1080 ಚುಕ್ಕಿ ಅಗಲ. ಮಿಕ್ಕ ಚುಕ್ಕಿಗಳು ಗಾಳಿಯಲ್ಲಿ ಪ್ರಯಾಣ ಮಾಡಿ, ಅವನ ಡೇಟಾ ತಿಂದು, ಯಾರ ಕಣ್ಣಿಗೂ ಬೀಳದೆ ಸಾಯ್ತವೆ.

ಇದು ನಿಮಗೆಲ್ಲ ಗೊತ್ತಿರೋದೇ. ನನಗೂ ಗೊತ್ತಿತ್ತು. ನನಗಿರೋ ಸಿಟ್ಟೂ ಅದರ ಮೇಲೇ.

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ತಂಡ ಮಾಡಿದ ಮಿನಿ ಪ್ರಾಜೆಕ್ಟ್ ಏನು ಗೊತ್ತಾ? 'ರೈತರಿಂದ ನೇರ ಗ್ರಾಹಕರಿಗೆ' ಮಾರುಕಟ್ಟೆ ಆ್ಯಪ್. ನಗಬೇಡಿ, ನಮ್ಮ ಬ್ಯಾಚಲ್ಲಿ ಇದೇ ವಿಷಯದ ಮೇಲೆ ಇನ್ನೂ ಮೂರು ತಂಡ ಇದ್ದವು. ಲಾಗಿನ್ ಇತ್ತು, ಚಾಟ್‌ಬಾಟ್ ಇತ್ತು, ಬೆಲೆ ಊಹಿಸೋ ಮಾಡೆಲ್ ಇತ್ತು, ಮುಖಪುಟದಲ್ಲಿ ಪೇಟ ಕಟ್ಟಿದ ರೈತ ನಗ್ತಾ ಇರೋ ಬ್ಯಾನರ್ ಇತ್ತು. ಆ ಬ್ಯಾನರ್ ಒಂದೇ 6 ಎಂಬಿ. ಡೆಮೋ ಕೊಟ್ಟಿದ್ದು ಲ್ಯಾಬ್‌ನ ವೈಫೈನಲ್ಲಿ, ಹಾಗಾಗಿ ಚಕ್ಕನೆ ಬಂತು. ಎಕ್ಸಾಮಿನರ್ ಖುಷಿಯಾದ್ರು. ಅವರು ಕೇಳಿದ್ದು 'ಇದರಲ್ಲಿ ಎಐ ಎಲ್ಲಿದೆ' ಅಂತ. 'ಒಂದು ಕಡ್ಡಿ ಸಿಗ್ನಲ್‌ನಲ್ಲಿ ಓಡಿಸಿ ತೋರಿಸಿ' ಅಂತ ಯಾರೂ ಕೇಳಲಿಲ್ಲ. ಮಾವನ ಫೋನ್ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ವೇಗವನ್ನು 'ಸ್ಲೋ' ಅಂತ ಇಟ್ಟು ನಮ್ಮದೇ ಆ್ಯಪ್ ತೆಗೆದದ್ದು. ಪೇಟದ ರೈತ ತಲೆಯಿಂದ ಶುರುವಾಗಿ ಒಂದೊಂದೇ ಗೆರೆ ಇಳಿಯುತ್ತಾ ಬಂದ. ಮೀಸೆ ಕಾಣೋ ಹೊತ್ತಿಗೆ ನಾನು ಟ್ಯಾಬ್ ಮುಚ್ಚಿದೆ. ನಮ್ಮ ಮಾವನಂಥವರಿಗೆ ಅಂತಲೇ ಮಾಡಿದ ಆ್ಯಪ್ ಅದು!

ಇಲ್ಲೊಂದು ವಿಷಯ ಹೇಳಬೇಕು. ಈ ಫೋಟೋ ಕುಗ್ಗಿಸೋ ವಿದ್ಯೆಯ ಬೇರು ನಮ್ಮೂರಲ್ಲೇ ಇದೆ. ನಾಸಿರ್ ಅಹ್ಮದ್ ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿದವರು. ನಾವೀಗ ಯುವಿಸಿಇ ಅಂತ ಕರೆಯೋ ಕಾಲೇಜಿನಲ್ಲಿ 1961ರಲ್ಲಿ ಇಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದರು. ಸಿಗ್ನಲ್ ಪ್ರೊಸೆಸಿಂಗ್ ಪೇಪರ್ ಬರೆಯುವಾಗ ನಾವು ಬೈಕೊಳ್ಳೋ ಡಿಸಿಟಿ, ಅಂದರೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಅವರ ಯೋಚನೆ. 1972ರಲ್ಲಿ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಹಣ ಕೇಳಿ ಅರ್ಜಿ ಹಾಕಿದರೆ ಸಿಗಲಿಲ್ಲ. ವಿಮರ್ಶಕರೊಬ್ಬರಿಗೆ ಅದು ತೀರಾ ಸರಳ ಅನಿಸಿತ್ತಂತೆ. ಇದನ್ನು ಅವರೇ ಮುಂದೆ ಬರೆದುಕೊಂಡಿದ್ದಾರೆ. ಆದರೂ ಬಿಡಲಿಲ್ಲ. ಟಿ. ನಟರಾಜನ್, ಕೆ.ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಪ್ರಕಟಿಸಿದರು. 1992ರಲ್ಲಿ ಬಂದ ಜೆಪೆಗ್ ಮಾನದಂಡದ ಹೊಟ್ಟೆಯಲ್ಲಿರೋದು ಅದೇ. ಮಾವನ ಟಗರಿನ ಫೋಟೋದಲ್ಲೂ.

ಅದು ಕೆಲಸ ಮಾಡೋ ರೀತಿ ತಿಳಿದರೆ ಮಾರೋ ಫೋಟೋ ತೆಗೆಯೋ ರೀತಿಯೇ ಬದಲಾಗುತ್ತೆ, ಅದಕ್ಕೇ ಸ್ವಲ್ಪ ನಿಂತು ಹೇಳ್ತೀನಿ. ಜೆಪೆಗ್ ಫೋಟೋವನ್ನು ಎಂಟಕ್ಕೆ ಎಂಟರ ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸುತ್ತೆ. ಒಂದು ಚೌಕದಲ್ಲಿ 64 ಚುಕ್ಕಿ. ಡಿಸಿಟಿ ಆ 64 ಚುಕ್ಕಿಗಳನ್ನು ಬೇರೆ 64 ಸಂಖ್ಯೆಗಳಾಗಿ ಮಾಡುತ್ತೆ. ಮೊದಲನೆಯದು ಚೌಕದ ಸರಾಸರಿ ಬೆಳಕು. ಮಿಕ್ಕ 63 ಸಂಖ್ಯೆಗಳು ಆ ಚೌಕದಲ್ಲಿ ಏರಿಳಿತ ಎಷ್ಟಿದೆ ಅಂತ ಹೇಳ್ತವೆ, ಮೊದಲು ನಿಧಾನದ ಏರಿಳಿತ, ಆಮೇಲೆ ಸೂಕ್ಷ್ಮವಾದದ್ದು. ನಮ್ಮ ಕಣ್ಣು ಸೂಕ್ಷ್ಮ ಏರಿಳಿತಕ್ಕೆ ಅಷ್ಟು ಚುರುಕಲ್ಲ, ಆದ್ದರಿಂದ ಆ ಸಂಖ್ಯೆಗಳನ್ನು ಒರಟಾಗಿ ದುಂಡು ಮಾಡಿದರೆ ಎಷ್ಟೋ ಸೊನ್ನೆ ಆಗಿಬಿಡ್ತವೆ. ಸೊನ್ನೆಗಳ ಸಾಲನ್ನು ಬರೆದಿಡೋಕೆ ಜಾಗ ಹೆಚ್ಚು ಬೇಡ. ಕ್ವಾಲಿಟಿ 75, 50 ಅಂತ ನಾವು ಎಳೆಯೋ ಸ್ಲೈಡರ್ ಇದೆಯಲ್ಲ, ಅದು ನಿಜಕ್ಕೂ 'ಎಷ್ಟು ಒರಟಾಗಿ ದುಂಡು ಮಾಡಲಿ' ಅನ್ನೋ ಪ್ರಶ್ನೆ.

ಈಗ ಯೋಚಿಸಿ. ಸುಣ್ಣ ಬಳಿದ ಗೋಡೆ ಮುಂದೆ ಟಗರು ನಿಲ್ಲಿಸಿದರೆ ಗೋಡೆಯ ಚೌಕಗಳೆಲ್ಲ ಹೆಚ್ಚು ಕಡಿಮೆ ಒಂದೇ ಸಂಖ್ಯೆ, ಮಿಕ್ಕಿದ್ದು ಸೊನ್ನೆ. ಅದೇ ಟಗರನ್ನು ಬೇಲಿ ಮುಂದೆ, ಲಂಟಾನ ಪೊದೆ ಮುಂದೆ, ಕಬ್ಬಿನ ತರಗಿನ ಮೇಲೆ ನಿಲ್ಲಿಸಿದರೆ ಪ್ರತಿ ಎಲೆ, ಪ್ರತಿ ಕಡ್ಡಿ ಏರಿಳಿತ. ಫೈಲ್ ದಪ್ಪ ಆಗೋದು ಟಗರಿನಿಂದ ಅಲ್ಲ, ಪೊದೆಯಿಂದ! ಕೊಳ್ಳುವವನು ಪೊದೆಗೆ ಡೇಟಾ ಕೊಡ್ತಾನೆ. ಮುಸ್ಸಂಜೆ ತೆಗೆದ ಫೋಟೋನೂ ಹಾಗೇ. ಬೆಳಕು ಸಾಲದೆ ಬಂದ ಕಾಳುಕಾಳು ನಾಯ್ಸ್ ಇದೆಯಲ್ಲ, ಜೆಪೆಗ್ ಪಾಪ ಅದನ್ನೂ ವಿವರ ಅಂದುಕೊಂಡು ಜೋಪಾನವಾಗಿ ಕಟ್ಟಿಡುತ್ತೆ. ಬೆಳಗ್ಗೆ ಎಂಟು ಗಂಟೆಯ ಬೆಳಕು, ಹಿಂದೆ ಬರೀ ಗೋಡೆ. ಯಾವ ಆ್ಯಪೂ ಇಲ್ಲದೆ ಫೋಟೋ ತೂಕ ಇಳಿಯುತ್ತೆ, ಕುರಿಯೂ ಚೆನ್ನಾಗಿ ಕಾಣುತ್ತೆ.

ಹಾಗಂತ ಸಿಕ್ಕಾಪಟ್ಟೆ ಕುಗ್ಗಿಸೋದೂ ತಪ್ಪು. ಕೆಬಿ ಉಳಿಸೋ ಹುಚ್ಚಿನಲ್ಲಿ 30 ಕೆಬಿಗೆ ಇಳಿಸಿ ಟಗರನ್ನು ಇಟ್ಟಿಗೆ ಥರ ಮಾಡಿದವರನ್ನೂ ನೋಡಿದೀನಿ. ಎಲ್ಲ ಫೋಟೋಗೂ ಒಂದೇ ನಿಯಮ ನಡೆಯಲ್ಲ. ಕುರಿ ವ್ಯಾಪಾರದಲ್ಲಿ ಹಲ್ಲಿನ ಫೋಟೋ ಬಹಳ ಮುಖ್ಯ. ಎರಡು ಹಲ್ಲೋ ನಾಲ್ಕು ಹಲ್ಲೋ ಅನ್ನೋದರ ಮೇಲೆ ವಯಸ್ಸು, ವಯಸ್ಸಿನ ಮೇಲೆ ಬೆಲೆ. ಇಡೀ ಮುಖದ ಫೋಟೋ ತೆಗೆದು ಚಿಕ್ಕದು ಮಾಡಿದರೆ ಹಲ್ಲು ಹತ್ತು ಚುಕ್ಕಿ ಆಗಿಬಿಡುತ್ತೆ. ಅಲ್ಲಿ ಮೊದಲು ಬಾಯಿಯ ಭಾಗ ಮಾತ್ರ ಕತ್ತರಿಸಿಕೊಳ್ಳಬೇಕು, ಆಮೇಲೆ ಬೇಕಿದ್ದರೆ ಕುಗ್ಗಿಸಬೇಕು. ಕೆಂಪು ರೇಷ್ಮೆ ಸೀರೆ ಮಾರುವವರಿಗೆ ಬೇರೆ ತಾಪತ್ರಯ. ಜೆಪೆಗ್ ಸಾಮಾನ್ಯವಾಗಿ ಬೆಳಕಿನ ವಿವರ ಉಳಿಸಿಕೊಂಡು ಬಣ್ಣದ ವಿವರವನ್ನು ಕಾಲು ಭಾಗಕ್ಕೆ ಇಳಿಸುತ್ತೆ, ಕಣ್ಣಿಗೆ ಅದು ಗೊತ್ತಾಗಲ್ಲ ಅನ್ನೋ ಧೈರ್ಯದ ಮೇಲೆ. ಆದರೆ ಕಡು ಕೆಂಪಿನ ಅಂಚಿನಲ್ಲಿ ಗೊತ್ತಾಗುತ್ತೆ, ಜರಿ ಪಕ್ಕದಲ್ಲಿ ಕೆಂಪು ಸೋರಿದ ಹಾಗೆ ಕಾಣುತ್ತೆ. ಅಂಥ ಕಡೆ ಬಣ್ಣವನ್ನು ಪೂರ್ತಿ ಉಳಿಸೋ ಆಯ್ಕೆ ಇದ್ದರೆ ಹಾಕ್ಕೊಳ್ಳಿ, ಫೈಲ್ ಸ್ವಲ್ಪ ದಪ್ಪ ಆದರೂ ಪರವಾಗಿಲ್ಲ. ಮತ್ತೆ ಮತ್ತೆ ಕುಗ್ಗಿಸೋದು ಇನ್ನೂ ಕೆಟ್ಟದ್ದು. ವಾಟ್ಸಾಪಲ್ಲಿ ಬಂದದ್ದನ್ನು ಡೌನ್‌ಲೋಡ್ ಮಾಡಿ, ಸ್ಕ್ರೀನ್‌ಶಾಟ್ ಹೊಡೆದು, ಅದನ್ನು ಮತ್ತೆ ಹಾಕೋದು. ಪ್ರತಿ ಸಲ ಒಂದಿಷ್ಟು ಸಾಯುತ್ತೆ. ಸ್ಕ್ರೀನ್‌ಶಾಟ್ ಪಿಎನ್‌ಜಿ ಆಗಿದ್ದರಂತೂ ಫೋಟೋ ಹಾಳಾಗಿರುತ್ತೆ, ತೂಕ ಮಾತ್ರ ಜಾಸ್ತಿ.

ನನ್ನ ಮುಖ್ಯ ತಕರಾರು ಇನ್ನು ಶುರು. 'ಇದನ್ನೆಲ್ಲ ಮಾರುವವರು ಕಲೀಬೇಕು' ಅನ್ನೋದು ಸುಲಭದ ಮಾತು. ಐವತ್ತೈದು ದಾಟಿದ ಮಾವ ಪಿಕ್ಸೆಲ್ ಕಲೀಬೇಕಾ, ಇಪ್ಪತ್ತರ ನಾವು ಹದಿನೈದು ಸಾಲು ಕೋಡ್ ಬರೀಬೇಕಾ?

'ನಮ್ಮ ಸರ್ವರ್ ತಾನೇ ಕುಗ್ಗಿಸುತ್ತೆ' ಅಂತ ಹೇಳೋರಿದ್ದಾರೆ. ನಮ್ಮ ಪ್ರಾಜೆಕ್ಟ್‌ನಲ್ಲೂ ಹಾಗೇ ಇತ್ತು, ನಾನೇ ಬರೆದಿದ್ದೆ, ಹೆಮ್ಮೆಯಿಂದ ರಿಪೋರ್ಟ್‌ನಲ್ಲಿ ಅರ್ಧ ಪುಟ ಹಾಕಿದ್ದೆ. ಸರ್ವರ್‌ನಲ್ಲಿ ಕುಗ್ಗಿಸಿದರೆ ಅನುಕೂಲ ಆಗೋದು ಕೊಳ್ಳುವವನಿಗೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಫೈಬರ್ ಹಾಕ್ಕೊಂಡು ಕೂತವನಿಗೆ 180 ಕೆಬಿ ಹೋಗುತ್ತೆ. ದೊಡ್ಡಿ ಹತ್ತಿರ ನಿಂತ ಮಾವ ಮಾತ್ರ 36 ಎಂಬಿಯನ್ನೂ ತಾನೇ ಹೊತ್ತು ಮೇಲಕ್ಕೆ ಕಳಿಸಬೇಕು. ಫೋನ್ ನೆಟ್‌ವರ್ಕ್‌ನಲ್ಲಿ ಸಾಮಾನ್ಯವಾಗಿ ಮೇಲಕ್ಕೆ ಕಳಿಸೋ ವೇಗವೇ ಕಡಿಮೆ, ಟವರ್‌ನಿಂದ ದೂರ ಇದ್ದಷ್ಟೂ ಇನ್ನೂ ಕಡಿಮೆ. ಅಂದರೆ ಯಾರಿಗೆ ದಾರಿ ಕಿರಿದೋ ಅವರ ತಲೆ ಮೇಲೇ ದೊಡ್ಡ ಮೂಟೆ. ಮೂಟೆ ಇಳಿಸಬೇಕಾದ ಜಾಗ ಫೋನ್, ಅಪ್‌ಲೋಡ್ ಶುರುವಾಗೋ ಮುಂಚೆ.

ಅದೇನು ಕಷ್ಟ ಅಲ್ಲ. ಬ್ರೌಸರ್‌ನ ಕ್ಯಾನ್ವಾಸ್ ಮೇಲೆ ಫೋಟೋವನ್ನು ಚಿಕ್ಕ ಅಳತೆಯಲ್ಲಿ ಬರೆಸಿ, ಅಲ್ಲಿಂದ ಜೆಪೆಗ್ ಆಗಿ ತೆಗೆದು, ಅದನ್ನು ಕಳಿಸಿದರೆ ಆಯ್ತು. ವೆಬ್‌ಪಿ ಮಾಡಿದರೆ ಇನ್ನೂ ಸ್ವಲ್ಪ ಉಳಿಯುತ್ತೆ. ಫೋನ್‌ನಲ್ಲಿ ಒಂದೆರಡು ಸೆಕೆಂಡಿನ ಕೆಲಸ, ಬಳಸೋರಿಗೆ ಗೊತ್ತೂ ಆಗಲ್ಲ. ಕೈಯಲ್ಲಿ ಮಾಡಿ ನೋಡಬೇಕು ಅಂದರೆ ಗೂಗಲ್‌ನವರ ಸ್ಕ್ವೂಶ್ ಇದೆ. ಬ್ರೌಸರ್‌ನಲ್ಲೇ ಓಡುತ್ತೆ, ಫೋಟೋ ನಿಮ್ಮ ಯಂತ್ರ ಬಿಟ್ಟು ಹೋಗಲ್ಲ, ಎಡಕ್ಕೆ ಹಳೆಯದು ಬಲಕ್ಕೆ ಹೊಸದು ಪಕ್ಕಪಕ್ಕ ತೋರಿಸುತ್ತೆ. ಹತ್ತು ನಿಮಿಷ ಆಟ ಆಡಿ, ಕ್ವಾಲಿಟಿ 75ಕ್ಕೂ 100ಕ್ಕೂ ವ್ಯತ್ಯಾಸ ಹುಡುಕೋಕೆ ಕಣ್ಣು ಕಿರಿದು ಮಾಡಬೇಕಾಗುತ್ತೆ.

ಕ್ಯಾನ್ವಾಸ್ ದಾರಿಯಲ್ಲಿ ಇನ್ನೊಂದು ಲಾಭ ಇದೆ, ಅದರ ಬಗ್ಗೆ ಯಾರೂ ಮಾತಾಡಲ್ಲ. ಫೋನ್ ಫೋಟೋದ ಒಳಗೆ ಎಕ್ಸಿಫ್ ಅನ್ನೋ ಮಾಹಿತಿ ಇರುತ್ತೆ. ಲೊಕೇಶನ್ ಆನ್ ಇದ್ದರೆ ಫೋಟೋ ತೆಗೆದ ಜಾಗದ ಅಕ್ಷಾಂಶ ರೇಖಾಂಶವೂ ಅದರಲ್ಲೇ ಕೂತಿರುತ್ತೆ. ದುಬಾರಿ ಟಗರಿನ ಫೋಟೋ ಜೊತೆ ದೊಡ್ಡಿ ಇರೋ ಜಾಗವನ್ನೂ ಕಳ್ಳನ ಕೈಗೆ ಕೊಟ್ಟ ಹಾಗೆ. ಕ್ಯಾನ್ವಾಸ್‌ನಿಂದ ಹೊರಬಂದ ಫೋಟೋದಲ್ಲಿ ಅದು ಇರಲ್ಲ. ಒಂದು ಎಚ್ಚರಿಕೆ: ಫೋಟೋ ಯಾವ ಕಡೆ ತಿರುಗಿದೆ ಅನ್ನೋದೂ ಆ ಎಕ್ಸಿಫ್‌ನಲ್ಲೇ ಇರೋದು. ಅದನ್ನು ನೋಡದೆ ಕಿತ್ತು ಹಾಕಿದರೆ ಫೋಟೋ ಅಡ್ಡಡ್ಡ ಬೀಳುತ್ತೆ. ನಮ್ಮ ತಂಡದ ಮೊದಲ ಪ್ರಯತ್ನದಲ್ಲಿ ಟಗರು ಗೋಡೆಗೆ ಕಾಲು ಕೊಟ್ಟು ಮಲಗಿತ್ತು. ರೂಮ್‌ಮೇಟ್ ನೋಡಿ "ಇದು ಬದುಕಿದೆಯೇನೋ?" ಅಂದ.

'5ಜಿ ಬಂತಲ್ಲ ಮಗಾ, ಇನ್ಯಾಕೆ ಈ ಕೆಬಿ ಲೆಕ್ಕ?' ಇದು ಕ್ಯಾಂಟೀನ್‌ನಲ್ಲಿ ಸಿಕ್ಕ ಉತ್ತರ. 2016ರ ನಂತರ ಡೇಟಾ ಅಗ್ಗ ಆಗಿದ್ದು ನಿಜ, ನಾವೆಲ್ಲ ಅದರ ಮಕ್ಕಳೇ. ಆದರೆ ನೆಟ್‌ವರ್ಕ್ ಒಂದು ಹೆಜ್ಜೆ ಮುಂದೆ ಹೋದರೆ ಕ್ಯಾಮೆರಾ ಎರಡು ಹೆಜ್ಜೆ ಹೋಗುತ್ತೆ. 12 ಮೆಗಾಪಿಕ್ಸೆಲ್ ಹೋಗಿ 50 ಬಂತು, 108 ಬಂತು, 200ರ ಫೋನೂ ಅಂಗಡಿಯಲ್ಲಿದೆ. ಮತ್ತೆ ಊರು ಅಂದರೆ ಒಂದೇ ನೆಟ್‌ವರ್ಕ್ ಅಲ್ಲ. ಬೆಂಗಳೂರು ಮೈಸೂರು ಹೆದ್ದಾರಿ ಪಕ್ಕ ನಿಂತರೆ ಪೂರ್ತಿ ಕಡ್ಡಿ, ಒಳಗಡೆ ಶೀಟು ಹೊದಿಸಿದ ದೊಡ್ಡಿಗೆ ಹೋದರೆ ಒಂದು. ಸೋಮನಹಳ್ಳಿ ಅಂದರೆ ಎಸ್.ಎಂ. ಕೃಷ್ಣ ಅವರ ಹುಟ್ಟೂರು. 1999ರಿಂದ 2004ರವರೆಗೆ ಮುಖ್ಯಮಂತ್ರಿ ಆಗಿದ್ದಾಗ ಐಟಿ ಅಂದರೆ ಬೆಂಗಳೂರು ಅಂತ ಜಗತ್ತಿಗೆಲ್ಲ ಹೇಳಿಕೊಂಡು ಬಂದವರು. ಪಹಣಿಗಳನ್ನು ಕಂಪ್ಯೂಟರಿಗೆ ತಂದ 'ಭೂಮಿ' ಯೋಜನೆಯೂ ಅವರ ಕಾಲದ್ದೇ. ಪಹಣಿ ಬರೀ ಅಕ್ಷರ, ಕೆಲವೇ ಕೆಬಿ. ಮಾವ ತಮ್ಮ ಪಹಣಿಯನ್ನು ಫೋನಲ್ಲಿ ಎರಡು ನಿಮಿಷದಲ್ಲಿ ತೆಗೀತಾರೆ. ಅದೇ ಫೋನ್, ಅದೇ ಜಾಗ, ಟಗರು ಮಾತ್ರ ಹೋಗಲ್ಲ ಅಂದರೆ ತಪ್ಪು ಊರಿನದೂ ಅಲ್ಲ, ಮಾವನದೂ ಅಲ್ಲ.

ಕ್ಯಾಂಪಸ್‌ನಲ್ಲೇ ನೋಡಿ. ಸೆಮಿಸ್ಟರ್ ಕೊನೆಗೆ ಡ್ರಾಫ್ಟರ್, ಲ್ಯಾಬ್ ಕೋಟು, ಸೈಕಲ್ಲು ಮಾರೋ ಪುಟ ನಮ್ಮ ಕಾಲೇಜಲ್ಲೂ ಇದೆ. ಬಕೆಟ್ ಮಾರೋನು ಕೂಡ ಬಕೆಟ್‌ನ ಐದು ಎಂಬಿ ಫೋಟೋ ಹಾಕಿರ್ತಾನೆ. ನಲವತ್ತು ಸಾಮಾನಿನ ಪುಟ ತೆಗೆದರೆ ಇನ್ನೂರು ಎಂಬಿ. ಕಣ್ಣಿಗೆ ಬೀಳೋ ಮೊದಲ ನಾಲ್ಕು ಫೋಟೋ ಮಾತ್ರ ತಂದು, ಮಿಕ್ಕಿದ್ದನ್ನು ಸ್ಕ್ರಾಲ್ ಮಾಡಿದಾಗ ತರೋದು ಎಷ್ಟು ಹಳೆಯ ಉಪಾಯ! ಪಟ್ಟಿಯಲ್ಲಿ 300 ಚುಕ್ಕಿಯ ಚಿಕ್ಕ ಚಿತ್ರ, ಒತ್ತಿದರೆ ಮಾತ್ರ ದೊಡ್ಡದು. ಇದಕ್ಕೆ ಎಐ ಬೇಡ, ಕ್ಲೌಡ್ ಕ್ರೆಡಿಟ್ ಬೇಡ.

ನನ್ನ ಬೇಡಿಕೆ ಎರಡೇ. ಒಂದು, ಮುಂದಿನ ಸೆಮಿಸ್ಟರ್‌ನಿಂದ 'ರೈತ' ಅನ್ನೋ ಪದ ಇರೋ ಪ್ರಾಜೆಕ್ಟ್‌ನ ಡೆಮೋವನ್ನು ಲ್ಯಾಬ್ ವೈಫೈ ಆಫ್ ಮಾಡಿ, ನೆಟ್‌ವರ್ಕ್ ವೇಗ ತಗ್ಗಿಸಿ ನೋಡಲಿ. ಮೇಡಂ, ಸರ್, ದಯವಿಟ್ಟು ಓದಿದರೆ ಗಮನಿಸಿ. ಇನ್ನೊಂದು ನಮ್ಮ ಕೋಡಿಂಗ್ ಕ್ಲಬ್‌ನ ಗೆಳೆಯರಿಗೆ. ಬೇರೆ ಯಾರ ಸೈಟ್ ಆದರೂ ಸರಿ, ಫೋಟೋ ಕಳಿಸೋ ಮುಂಚೆ ಕುಗ್ಗಿಸಿಕೊಡೋ ಒಂದು ಪುಟ ಕನ್ನಡದಲ್ಲಿ ಮಾಡೋಣ. 'ಫೋಟೋ ಆರಿಸಿ', 'ಚಿಕ್ಕದು ಮಾಡಿ', 'ಉಳಿಸಿ', ಮೂರೇ ಗುಂಡಿ. ಕಚ್ಚಾ ಪ್ರತಿ ನನ್ನ ಹತ್ತಿರ ಇದೆ. ಡಿಸೈನ್ ಗೊತ್ತಿರೋರು ಬೇಕು, ನನ್ನ ಗುಂಡಿಗಳ ಬಣ್ಣ ನೋಡಿ ರೂಮ್‌ಮೇಟ್ ಇನ್ನೂ ನಗ್ತಾನೆ.

ಆ ಕಚ್ಚಾ ಪುಟವನ್ನು ಈ ವರ್ಷ ಮಾವನ ಫೋನಿಗೆ ಹಾಕಿಕೊಟ್ಟೆ. ದೊಡ್ಡಿಯ ಒಂದು ಗೋಡೆಗೆ ಸುಣ್ಣ ಹೊಡೆಸಿದ್ದಾರೆ, ಹಬ್ಬಕ್ಕಲ್ಲ, ಫೋಟೋಕ್ಕೆ. ಮೊನ್ನೆ ಏಳು ಫೋಟೋ ಬಂದವು, ಎಲ್ಲ 200 ಕೆಬಿ ಒಳಗೆ, ಹಿಂಭಾಗದ ಆ ತಲೆಕೆಳಗಾದ 'ಯು' ಅಚ್ಚುಕಟ್ಟಾಗಿ ಕಾಣ್ತಿದೆ. ಎಂಟನೆಯದು, ಹಲ್ಲಿನದು, ಇನ್ನೂ ಬಂದಿಲ್ಲ. ಫೋನ್ ಮಾಡಿ ಕೇಳಿದೆ, ನೆಟ್‌ವರ್ಕಾ ಮಾವ ಅಂತ.

"ನೆಟ್‌ವರ್ಕ್ ಅಲ್ಲ ಕಣ್ಲಾ, ಟಗರು ಬಾಯೇ ಬಿಡ್ತಾ ಇಲ್ಲ."